ಕೆಳಗಿನ ನಲ್ಲಿ

ಮೂರನೆಯ ಕೊಡದ ಕುತ್ತಿಗೆಯವರೆಗೂ ನೀರು ಬಂದಿತ್ತು. ಜಲಜಾಕ್ಷಿ ಟೀಚರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ಕೊಡವನ್ನು ಶಾಲೆಯ ಅಂಗಳದ ನಲ್ಲಿಯಿಂದ ಈಚೆಗೆಳೆದು ಮುಂದಿನದನ್ನು ತಳ್ಳುವ ಹವಣಿಕೆಯಲ್ಲಿದ್ದರು. ಹಿರೇತೊರೆ ಎಂದು ಹೆಸರಿದ್ದರೂ ಆ ಊರಿನಲ್ಲಿ ತೊರೆಯನ್ನು ಕಂಡವರು ಯಾರೂ ಇಲ್ಲ. ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಂದು ಸಲ. ಮಂಗಳ ಗ್ರಹದಲ್ಲಿ ಮನುಷ್ಯರು ಸೌತೆಕಾಯಿ ಬೆಳೆದು ತಿನ್ನುತ್ತಿದ್ದ ಆ ಕಾಲದಲ್ಲಿಯೂ ಹಿರೇತೊರೆಯ ನಲ್ಲಿ ಮಾತ್ರ ತನ್ನ ಪದ್ಧತಿ ಬಿಟ್ಟಿರಲಿಲ್ಲ. ನೀರು ಬಂದ ದಿನ ಟೀಚರು ಮೊದಲು ಕೊಡ ಹಿಡಿಯುತ್ತಿದ್ದರು, ಆಮೇಲೆ ಸೀಮೆಸುಣ್ಣ.

ಆಗ ಒಂಬತ್ತನೇ ತರಗತಿಯ ಕೋಣೆಯಿಂದ ಊರೆಲ್ಲ ಕೇಳುವಂತಹ ಕೂಗೆದ್ದಿತು.

"ನಲ್ಲಿ ನಿಲ್ಸ್ರೋ! ಯಾರಾದ್ರೂ ಆ ನಲ್ಲಿ ನಿಲ್ಸ್ರೋ!"

ಟೀಚರು ಕೊಡ ಬಿಟ್ಟು ಓಡಿದರು. ಒಳಗೆ ಕಪ್ಪುಹಲಗೆಯ ಮುಂದೆ ಎತ್ತಿನ ಗಾಡಿಯಷ್ಟು ದೊಡ್ಡ ತೊಟ್ಟಿಯೊಂದು ಗಾಳಿಯಲ್ಲಿ ನಿಂತಿತ್ತು. ಮೇಲಿನ ಕೊಳವೆಯಿಂದ ನೀರು ಧುಮುಕುತ್ತಿತ್ತು, ಕೆಳಗಿನ ನಲ್ಲಿಯಿಂದ ಸುರಿದುಹೋಗುತ್ತಿತ್ತು. ತೊಟ್ಟಿಯ ಪಕ್ಕ ಕೊಡ ಹಿಡಿಯದ ಬರಿಗೈ ಹೆಂಗಸೊಬ್ಬಳು ಬೆಳಕಿನಲ್ಲಿ ಮಿನುಗುತ್ತ ಸುಮ್ಮನೆ ನಿಂತಿದ್ದಳು. ಮಕ್ಕಳೆಲ್ಲ ಬೆಂಚು ಹಾರಿ ಬಂದು ಕೆಳಗಿನ ನಲ್ಲಿಯ ಮೇಲೆ ಮುಗಿಬಿದ್ದಿದ್ದರು. ಯಾರ ಕೈಗೂ ಏನೂ ಸಿಕ್ಕುತ್ತಿರಲಿಲ್ಲ. ಗೋಡೆಯ ಬಳಿ ಕನ್ನಡಕದ ಮನುಷ್ಯರೊಬ್ಬರು ಒಂದು ಪೆಟ್ಟಿಗೆಯನ್ನು ತಬ್ಬಿಕೊಂಡು, "ಮಕ್ಕಳೇ, ಕೂತ್ಕೊಳ್ಳಿ! ಅದು ನೀರಲ್ಲ, ಬರೀ ಬೆಳಕು!" ಎಂದು ಕಿರುಚುತ್ತಿದ್ದರು.

ಟೀಚರು ಮಕ್ಕಳನ್ನು ಸರಿಸಿ ಒಳನುಗ್ಗಿ ನಲ್ಲಿಯ ತಿರುಪಿಗೆ ಕೈಹಾಕಿದರು. ಬೆರಳುಗಳು ಒಂದಕ್ಕೊಂದು ತಾಗಿದವು, ಅಷ್ಟೇ.

"ಮೇಡಂ, ನೀವೂನಾ?" ಎಂದರು ಕನ್ನಡಕದವರು, ಅಳುವ ದನಿಯಲ್ಲಿ.

ಬೆಂಚಿನ ಮೇಲೆ ನಿಂತಿದ್ದ ಕರಿಬಸಮ್ಮ ಎಂಬ ಹುಡುಗಿ ಕೇಳಿದಳು: "ಮೇಡಂ, ಹೊರಗಿನ ನಲ್ಲಿ ನಿಲ್ಸಿ ಬಂದ್ರಾ?"

ಮರುಗಳಿಗೆಯಲ್ಲಿ ಕಿಟಕಿಯಿಂದ ಹಾರಿದವರು ಕೆಲವರು, ಬಾಗಿಲಿನಿಂದ ಓಡಿದವರು ಕೆಲವರು. ಬೆಳಕಿನ ತೊಟ್ಟಿಯ ಮುಂದೆ ಉಳಿದವರು ಕನ್ನಡಕದವರು ಒಬ್ಬರೇ.

ಅವರ ಹೆಸರು ಡಾಕ್ಟರ್ ಫಾಲಾಕ್ಷ. ಅವರು ತಬ್ಬಿಕೊಂಡಿದ್ದುದು ಅವರೇ ಕಂಡುಹಿಡಿದ ಲೆಕ್ಕದರ್ಶಕ. ಪಠ್ಯಪುಸ್ತಕದ ಒಂದು ಲೆಕ್ಕವನ್ನು ಆ ಪೆಟ್ಟಿಗೆಗೆ ಓದಿ ಹೇಳಿದರೆ ಸಾಕು, ಲೆಕ್ಕದಲ್ಲಿರುವುದೆಲ್ಲ, ಅಂಕಿಗಳೂ ಸೇರಿ, ತರಗತಿಯ ನಡುವೆ ಎದ್ದು ನಿಲ್ಲುತ್ತಿತ್ತು. ಕಿರಣಗಳು ಒಂದನ್ನೊಂದು ಕತ್ತರಿಸುವಲ್ಲಿ ಮೂಡುವ ಈ ಆಕಾರಗಳಿಗೆ ಬೆಳಕಿನಚ್ಚುಗಳೆಂದು ಹೆಸರು. ಅವುಗಳಿಗೆ ರೂಪವುಂಟು, ತೂಕವಿಲ್ಲ. ಬರೀ ಸಂಖ್ಯೆಗಳಿಂದ ಮಾಡಿದ ಮನುಷ್ಯರು ಬೆದರುಬೊಂಬೆಯಂತೆ ಕಾಣುವುದರಿಂದ, ಅವರಿಗೆ ನಡೆನುಡಿ ತುಂಬಲು ಸ್ವಭಾವಪೂರಕ ಎಂಬ ಭಾಗವಿತ್ತು. ಅದು ಸುತ್ತಲಿನ ಜನ ಹೇಗೆ ಮಾತಾಡುತ್ತಾರೆ, ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೋಡಿ ಕಲಿಯುತ್ತಿತ್ತು. ಇನ್ನು ನೋಟಮಾಪಕ. ಅದು ಯಾವ ವಿದ್ಯಾರ್ಥಿಯ ಕಣ್ಣು ಸಂಖ್ಯೆಗಳ ಮೇಲಿದೆ, ಯಾರದು ಅಲೆಯುತ್ತಿದೆ ಎಂದು ಅಳೆದು ಕೊನೆಗೆ ಒಬ್ಬೊಬ್ಬರಿಗೂ ಒಂದು ಚೀಟಿ ಮುದ್ರಿಸುತ್ತಿತ್ತು. ಚೀಟಿಯಲ್ಲಿ ಎರಡೇ ಬಗೆ: 'ಉನ್ನತ ಗಣಿತ', 'ಸುಲಭ ಗಣಿತ'.

ನಗರದ ಶಾಲೆಗಳಲ್ಲಿ ಯಂತ್ರ ಹೂವೆತ್ತಿದಂತೆ ನಡೆದಿತ್ತು. ಹಿರೇತೊರೆಗೆ ಬಂದ ಮೇಲೆ ಎಲ್ಲವೂ ಕೆಟ್ಟಿತು. ಮೊದಲ ಪಾಠಕ್ಕೆ, ಇಬ್ಬರು ಕೆಲಸಗಾರರು ಸೇರಿ ಗೋಡೆ ಕಟ್ಟಿದರೆ ಎಷ್ಟು ದಿನವಾಗುತ್ತದೆ ಎಂಬ ಲೆಕ್ಕ ಹಾಕಿದ್ದರು. ಪೆಟ್ಟಿಗೆಯನ್ನು ಅಲ್ಲಿಯವರೆಗೆ ಇಟ್ಟಿದ್ದುದು ಶಿಕ್ಷಕರ ಕೊಠಡಿಯಲ್ಲಿ. ಬೆಳಕಿನ ಕೆಲಸಗಾರರಿಬ್ಬರೂ ಬಂದರು, "ಟೀ ಆಯ್ತಾ?" ಎಂದು ಒಬ್ಬರನ್ನೊಬ್ಬರು ಕೇಳಿದರು, ತುಟ್ಟಿಭತ್ಯೆಯ ಬಾಕಿ ಯಾವಾಗ ಬರುತ್ತದೆಂದು ಚರ್ಚಿಸಿದರು, ಗಂಟೆ ಹೊಡೆದಾಗ ಕೈಚೀಲ ಹಿಡಿದು ಮಾಯವಾದರು. ಮಕ್ಕಳು ಕಂಡದ್ದನ್ನು ಕಂಡಂತೆ ಬರೆದರು: 'ಒಬ್ಬರೇ ಆದರೆ ಮುಗಿಯುತ್ತದೆ. ಇಬ್ಬರೂ ಸೇರಿದರೆ ಮುಗಿಯುವುದಿಲ್ಲ.'

"ಅದನ್ನ ಸರಿಮಾಡ್ಬಹುದು ಮೇಡಂ," ಎಂದರು ಫಾಲಾಕ್ಷ, ಟೀಚರು ಕೊಟ್ಟ ಅರ್ಧ ಲೋಟ ನೀರನ್ನು ನೋಡುತ್ತ. "ಆದ್ರೆ ಈ ತೊಟ್ಟಿ ಲೆಕ್ಕ ಇದೆಯಲ್ಲ, ಸೋಮವಾರ ಪ್ರಾತ್ಯಕ್ಷಿಕೆಗೆ ಗೊತ್ತಾಗಿರೋದೇ ಅದು. ಮೇಲಿನ ಕೊಳವೆ ನಾಲ್ಕು ಗಂಟೇಲಿ ತುಂಬಿಸುತ್ತೆ, ಕೆಳಗಿನ ನಲ್ಲಿ ಆರು ಗಂಟೇಲಿ ಖಾಲಿ ಮಾಡುತ್ತೆ, ಒಬ್ಬರು ಎರಡನ್ನೂ ತೆರೆದಿಟ್ರೆ ತುಂಬೋಕೆ ಎಷ್ಟು ಹೊತ್ತು? ಇಷ್ಟೇ. ನಿಮ್ಮ ಮಕ್ಕಳಲ್ಲಿ ಒಬ್ಬರ ಕಣ್ಣೂ ನಾಲ್ಕು, ಆರರ ಮೇಲೆ ಬೀಳಲಿಲ್ಲ. ಎಲ್ಲರೂ ಆ ನಲ್ಲಿನೇ ನೋಡ್ತಾರೆ."

"ನೀರು ಹೋಗ್ತಿದ್ರೆ ನೋಡ್ದೆ ಇರ್ತಾರಾ ಸಾರ್?"

"ನೋಡ್ಬಾರ್ದು! ಸೋಮವಾರ ಉಪನಿರ್ದೇಶಕರ ಮುಂದೆ ಬರೋ ಚೀಟಿಯೇ ಕೊನೇದು. ಹೀಗೇ ಆದ್ರೆ ಇಡೀ ತರಗತಿ ಸುಲಭ ಗಣಿತಕ್ಕೆ ಹೋಗುತ್ತೆ."

ಸುಲಭ ಗಣಿತವೆಂದರೇನು ಎಂಬುದು ಟೀಚರಿಗೆ ಗೊತ್ತಿತ್ತು. ಚಿಲ್ಲರೆ ಎಣಿಸುವುದು, ಬಸ್ಸಿನ ವೇಳಾಪಟ್ಟಿ ಓದುವುದು, ಅಲ್ಲಿಗೆ ಮುಗಿಯಿತು. ಅದನ್ನು ಓದಿದವರಿಗೆ ಪಾಲಿಟೆಕ್ನಿಕ್ಕಿನ ಬಾಗಿಲು ತೆರೆಯುವುದಿಲ್ಲ. ಕರಿಬಸಮ್ಮನಂತೂ ಪಾಲಿಟೆಕ್ನಿಕ್ ಸೇರಲೆಂದೇ ಹುಟ್ಟಿದವಳಂತೆ ಮಾತಾಡುತ್ತಿದ್ದಳು. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಯಾವ ಕಿಟಕಿಯ ಪಕ್ಕ ಕೂರುವುದೆಂದು ಕೂಡ ಗೊತ್ತುಮಾಡಿಕೊಂಡಿದ್ದಳು.

"ಸಾರ್, ನಿಮ್ಮ ಪೆಟ್ಟಿಗೆ ಸ್ವಲ್ಪ ಮುಚ್ಚಿಡಿ. ನಮ್ಮ ಪದ್ಧತೀಲಿ ಒಂದ್ಸಲ ನೋಡೋಣ," ಎಂದರು ಟೀಚರು.

ಅವರು ಅಂಗಳದಲ್ಲಿ ತಳ ತೂತಾದ ಹಳೆಯ ಮಡಕೆಯೊಂದನ್ನು ಮೂರು ಕಲ್ಲಿನ ಮೇಲೆ ಕೂರಿಸಿದರು. ಒಬ್ಬ ಹುಡುಗ ಚೊಂಬಿನಿಂದ ಒಂದೇ ಸಮನೆ ಸುರಿಯಬೇಕು, ಒಬ್ಬಳು ಗಡಿಯಾರ ನೋಡಬೇಕು, ಮತ್ತೊಬ್ಬಳು ಮಡಕೆಯೊಳಗೆ ಕಡ್ಡಿಯಿಟ್ಟು ನೀರಿನ ಮಟ್ಟಕ್ಕೆ ಗೀಟು ಎಳೆಯಬೇಕು. ಶುರುಮಾಡುವ ಮುಂಚೆ ಯಾರೂ ಹೇಳದೆಯೇ ಕರಿಬಸಮ್ಮ ತೂತಿನ ಕೆಳಗೆ ಒಂದು ಕೊಡ ತಂದಿಟ್ಟಳು. ಆಮೇಲೆ ನೋಡಿ, ಜಗಳವಿಲ್ಲ, ಕೂಗಾಟವಿಲ್ಲ. ಒಂದು ನಿಮಿಷಕ್ಕೆ ಬಂದದ್ದೆಷ್ಟು, ಹೋದದ್ದೆಷ್ಟು, ನಿಂತದ್ದೆಷ್ಟು ಎಂದು ನೆಲದ ಮೇಲೆಯೇ ಭಿನ್ನರಾಶಿಗಳನ್ನು ಗೀಚಿ ಕಳೆದರು. ಮಡಕೆ ಯಾವಾಗ ತುಂಬುತ್ತದೆಂದು ಅವರು ಹೇಳಿದ್ದಕ್ಕೂ ಅದು ತುಂಬಿದ್ದಕ್ಕೂ ಒಂದು ಕೆಮ್ಮಿನಷ್ಟು ಮಾತ್ರ ಅಂತರ. ಕೊಡದಲ್ಲಿ ಸೇರಿದ ನೀರನ್ನು ಬಿಸಿಯೂಟದ ಅಕ್ಕ ಬಂದು ಎತ್ತಿಕೊಂಡು ಹೋದಳು.

ಫಾಲಾಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ಇದೇ ಲೆಕ್ಕ ಅಲ್ವೇನಮ್ಮ ಒಳಗೆ ಇದ್ದಿದ್ದು?"

"ಕೆಳಗೆ ಕೊಡ ಇದ್ರೆ ಲೆಕ್ಕ ಬರ್ತೈತೆ ಸಾರ್," ಎಂದಳು ಕರಿಬಸಮ್ಮ. "ಕೊಡ ಇಲ್ದಿದ್ರೆ ಹೊಟ್ಟೆ ಉರೀತೈತೆ. ಹೊಟ್ಟೆ ಉರಿಯೋವಾಗ ಭಿನ್ನರಾಶಿ ಮಾಡಕ್ಕಾಯ್ತದಾ?"

"ಹಾಗಾದ್ರೆ ನಿಮ್ಮ ಪೆಟ್ಟಿಗೆಗೂ ಒಂದು ಕೊಡ ಇಡೋಕೆ ಹೇಳಿ ಸಾರ್," ಎಂದರು ಟೀಚರು.

"ಆಗಲ್ಲ ಮೇಡಂ. ಪುಸ್ತಕದ ಲೆಕ್ಕದಲ್ಲಿ ಕೊಡ ಇಲ್ಲ. ಪಠ್ಯಪುಸ್ತಕ ಸಮಿತಿ ಒಪ್ಪದೆ ಒಂದು ಅಕ್ಷರಾನೂ ಸೇರಿಸೋ ಹಾಗಿಲ್ಲ. ಅವರಿಗೆ ಯಾರಾದ್ರೂ ಬರೀಬೇಕು."

ಟೀಚರು ಊಟದ ಚೀಲಕ್ಕೆ ಕೈಹಾಕಿ, ಡಬ್ಬಿಯ ಕೆಳಗಿನಿಂದ ಹಳದಿಯಾದ ಒಂದು ಲಕೋಟೆಯನ್ನು ತೆಗೆದರು. ಮೂಲೆಯಲ್ಲಿ ಸಾರಿನ ಕಲೆಯಿತ್ತು.

"ನಾನು ಕೆಲಸಕ್ಕೆ ಸೇರಿದ ವರ್ಷವೇ ಬರೆದಿದ್ದು. ಇದೇ ಲೆಕ್ಕದ ವಿಚಾರ."

"ಕಳಿಸಲಿಲ್ವಾ?"

"ಮೊದಲು ಮನೇಲಿ ಅಂಚೆಚೀಟಿ ಇರಲಿಲ್ಲ. ಆಮೇಲೆ ಮದುವೆ ಬಂತು. ಆಮೇಲೆ ಆಗಿನ ಹೆಡ್ಮಾಸ್ತರು, 'ಪುಸ್ತಕ ಬರೆಯೋ ದೊಡ್ಡೋರಿಗೆ ಇದೆಲ್ಲ ಗೊತ್ತಿರಲ್ವೇನಮ್ಮ' ಅಂದ್ರು. ಗೊತ್ತಿರುತ್ತೆ ಅಂತ ನಾನೂ ಸುಮ್ಮನಾದೆ."

"ಒಂದು ಕೊಡಕ್ಕೋಸ್ಕರ ಕಾಗದಾನಾ!" ಎಂದು ಫಾಲಾಕ್ಷರು ನಕ್ಕುಬಿಟ್ಟರು. ಕೆಟ್ಟ ಮನಸ್ಸಿನ ನಗುವಲ್ಲ. ಆದರೂ ಲಕೋಟೆ ಮತ್ತೆ ಡಬ್ಬಿಯ ಕೆಳಗೆ ಸೇರಿತು.

ಸೋಮವಾರ ಬೆಳಗ್ಗೆ ಟೀಚರು ಮಕ್ಕಳಿಗೆ ಹೇಳಿಕೊಟ್ಟರು: "ಕೈ ಎರಡೂ ತೊಡೆ ಕೆಳಗೆ. ಕಣ್ಣು ನಾಲ್ಕರ ಮೇಲೆ, ಇಲ್ಲಾ ಆರರ ಮೇಲೆ. ನಲ್ಲಿ ಕಡೆ ನೋಡಿದ್ರೋ, ಕೆಟ್ರಿ."

"ಮೇಡಂ, ರೆಪ್ಪೆ ಮುಚ್ಕೊಂಡ್ರೆ?"

"ನಿದ್ದೆ ಅಂತ ಬರ್ಕೊಳ್ಳುತ್ತೆ ಅದು. ತೆರ್ಕೊಂಡೇ ಇರಿ."

ಉಪನಿರ್ದೇಶಕ ಕೆಂಚಪ್ಪನವರು ಅಗಲ ಮೈಯವರು, ಸಿಟ್ಟಿನವರೆಂದು ಹೆಸರಾದವರು. ಅವರಿಗೆ ಮುಂದಿನ ಸಾಲಿನ ನಡುವೆ ಕುರ್ಚಿ ಹಾಕಿದ್ದರು. ಫಾಲಾಕ್ಷರು ಲೆಕ್ಕ ಓದಿದರು. ತೊಟ್ಟಿ ಎದ್ದಿತು, ಬರಿಗೈ ಹೆಂಗಸೂ ಬಂದು ನಿಂತಳು, ಕೆಳಗಿನ ನಲ್ಲಿಯಿಂದ ನೀರು ಧಾರಾಕಾರವಾಗಿ ಸುರಿಯತೊಡಗಿತು.

ಮಕ್ಕಳು ಅಲುಗಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಬೆವರಿಟ್ಟ. ಕರಿಬಸಮ್ಮ ತನ್ನ ಜಡೆಯ ತುದಿಯನ್ನು ಕಚ್ಚಿಕೊಂಡು, ನಾಲ್ಕು ಎಂಬ ಅಂಕಿಯನ್ನು ಸೀಳುವಂತೆ ನೋಡುತ್ತಿದ್ದಳು. ಟೀಚರು ತಮ್ಮ ಎರಡು ಕೈಗಳನ್ನೂ ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಇನ್ನೇನು ಗೆದ್ದೆವು ಎನ್ನುವಷ್ಟರಲ್ಲಿ ಕುರ್ಚಿ ಕಿರ್ರೆಂದಿತು.

"ಯಾರ್ರೀ ಅದು, ನೀರು ಹಂಗೇ ಬಿಟ್ಟು ನಿಂತಿರೋದು! ಬುದ್ಧಿ ಬೇಡ್ವೇನಮ್ಮ?" ಎಂದು ಬೆಳಕಿನ ಹೆಂಗಸನ್ನು ಗದರಿಸುತ್ತ ಕೆಂಚಪ್ಪನವರು ನುಗ್ಗಿದರು. ಅವರು ಹುಟ್ಟಿದ್ದು ಹಿರೇತೊರೆಗಿಂತಲೂ ಒಣಗಿದ ಊರಿನಲ್ಲಿ. ಎರಡು ಕೈಯಲ್ಲೂ ನಲ್ಲಿ ತಿರುಗಿಸಿದರು, ಬರಲಿಲ್ಲ. "ತಿರುಪು ಹೋಗೈತೆ, ಬಟ್ಟೆ ತನ್ರೋ!" ಎಂದರು.

ಅಷ್ಟೇ ಸಾಕಾಯಿತು. ತೊಡೆಯ ಕೆಳಗಿನ ಕೈಗಳೆಲ್ಲ ಒಟ್ಟಿಗೆ ಹೊರಬಂದವು. ಬೆಂಚುಗಳು ಉರುಳಿದವು. ಒಬ್ಬ ಅಂಗಿಯನ್ನೇ ಬಿಚ್ಚಿ ನಲ್ಲಿಯ ಬಾಯಿಗೆ ತುರುಕಲು ನೋಡಿದ. ಈ ಗದ್ದಲದ ನಡುವೆ ನೋಟಮಾಪಕ ತನ್ನ ಪಾಡಿಗೆ ತಾನು ಚೀಟಿಗಳನ್ನು ಮುದ್ರಿಸಿ ಮುಗಿಸಿತು.

ಎಲ್ಲರಿಗೂ ಒಂದೇ ಮಾತು: ಸುಲಭ ಗಣಿತ. ಹಾಜರಿಯಲ್ಲಿ ಇದ್ದುದಕ್ಕಿಂತ ಒಂದು ಚೀಟಿ ಹೆಚ್ಚಾಗಿತ್ತು. ಫಾಲಾಕ್ಷರು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುವುದರೊಳಗೆ ಕೆಂಚಪ್ಪನವರು ಕಿತ್ತುಕೊಂಡು ಗಟ್ಟಿಯಾಗಿ ಓದಿದರು:

"ಮುಂದಿನ ಸಾಲು, ನಡುವಿನ ದಪ್ಪ ವಿದ್ಯಾರ್ಥಿ. ಗಮನ ಸಂಖ್ಯೆಗಳ ಮೇಲಿಲ್ಲ. ಶಿಸ್ತು ಕಡಿಮೆ. ಸುಲಭ ಗಣಿತ ಸೂಕ್ತ. ಪೋಷಕರನ್ನು ಕರೆತರುವುದು."

ಕೆಂಚಪ್ಪನವರು ಇನ್ನೊಮ್ಮೆ ಓದಿಕೊಂಡು, ಚೀಟಿಯನ್ನು ಜೇಬಿನಲ್ಲಿಟ್ಟು, ಎದುರಿಗಿದ್ದ ಕರಿಬಸಮ್ಮನ ಕಡೆ ತಿರುಗಿದರು.

"ಏ ಹುಡುಗಿ, ಉತ್ತರ ಗೊತ್ತೇನು ನಿಂಗೆ?"

"ಎರಡೂ ಬಿಟ್ಟಿದ್ರೆ ಹನ್ನೆರಡು ಗಂಟೆ ಸಾರ್. ನಾಕನೇ ಒಂದರಲ್ಲಿ ಆರನೇ ಒಂದು ಕಳೆದ್ರೆ ಹನ್ನೆರಡನೇ ಒಂದು ಉಳೀತೈತೆ, ಅದಕ್ಕೆ. ಕೆಳಗಿಂದು ನಿಲ್ಸಿದ್ರೆ ನಾಕೇ ಗಂಟೆ. ನಿಲ್ಸೋದು ಬಿಟ್ಟು ಹನ್ನೆರಡು ಗಂಟೆ ಲೆಕ್ಕ ಮಾಡ್ತಾ ಕೂತ್ರೆ ನಮ್ಮವ್ವ ಮನೆಗೆ ಸೇರ್ಸಲ್ಲ ಸಾರ್."

"ನಮ್ಮವ್ವನೂ ಸೇರ್ಸ್ತಿರಲಿಲ್ಲ," ಎಂದರು ಕೆಂಚಪ್ಪನವರು. ಮಕ್ಕಳು ನಗಬಹುದೋ ಬಾರದೋ ಎಂದು ಟೀಚರ ಮುಖ ನೋಡಿದರು. ಕೆಂಚಪ್ಪನವರು ಫಾಲಾಕ್ಷರತ್ತ ತಿರುಗಿ, "ಇವ್ರನ್ನ ಸುಲಭ ಗಣಿತಕ್ಕೆ ಕಳಿಸಿದ್ರೆ ನಾನೂ ಅದೇ ಬೆಂಚಲ್ಲಿ ಕೂರಬೇಕಾಯ್ತದಲ್ರೀ. ಏನಾದ್ರೂ ದಾರಿ ಐತಾ?" ಎಂದು ಕೇಳಿದರು.

"ಯಂತ್ರದ ಚೀಟಿ ಅಳಿಸೋಕಾಗಲ್ಲ ಸಾರ್, ನಿಯಮ."

"ನಿಯಮ ನಂಗೂ ಗೊತ್ತು. ಲೆಕ್ಕದ ಮೇಲೇ ತಕರಾರಿದ್ರೆ? ಪಾಠ ಮಾಡೋರು ಸಮಿತಿಗೆ ಬರೆದಿದ್ರೆ, ಅಲ್ಲಿಂದ ಉತ್ತರ ಬರೋವರೆಗೂ ಚೀಟಿ ಜಾರಿ ಆಗಲ್ಲ. ಆದ್ರೆ ಕಾಗದ ಇವತ್ತೇ ಅಂಚೆಗೆ ಬಿದ್ದಿರ್ಬೇಕು."

"ಉತ್ತರ ಬೇಗ ಬಂದುಬಿಟ್ರೆ?"

"ನಾನು ಕೆಲಸಕ್ಕೆ ಸೇರ್ದಾಗ ಬರೆದಿದ್ದಕ್ಕೇ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಈ ಮಕ್ಕಳು ಪಾಲಿಟೆಕ್ನಿಕ್ಕೂ ಮುಗಿಸಿರ್ತಾರೆ."

ಫಾಲಾಕ್ಷರ ಕಣ್ಣು ಟೀಚರ ಊಟದ ಚೀಲದ ಮೇಲೆ ಹೋಯಿತು. ಅವರು ಈ ಸಲ ನಗಲಿಲ್ಲ. "ಮೇಡಂ, ಆ ಕಾಗದ..."

ಟೀಚರು ಚೀಲವನ್ನು ಎದೆಗೊತ್ತಿಕೊಂಡರು. "ಬೇಡ ಸಾರ್. ಹುಡುಗಿಯಾಗಿದ್ದಾಗ ಬರೆದಿದ್ದು. ಓದಿದೋರು ನಗ್ತಾರೆ."

"ನಗ್ಲಿ ಬಿಡಿ ಮೇಡಂ," ಎಂದಳು ಕರಿಬಸಮ್ಮ. ಅವಳ ದನಿಯಲ್ಲಿ ಮೊದಲಿನ ಜೋರಿರಲಿಲ್ಲ. "ನಕ್ರೆ ಏನಾಯ್ತದೆ? ನೀವು ಕಳಿಸ್ದಿದ್ರೆ ನಾನು ಆ ಬಸ್ ಹತ್ತಂಗಿಲ್ಲ."

ಟೀಚರು ಅವಳನ್ನೇ ನೋಡಿದರು. ಆಮೇಲೆ ಮೇಜಿನ ಬಳಿ ಕೂತು, ಲಕೋಟೆ ಬಿಡಿಸಿ, ಹಳೆಯ ತಾರೀಖು ಹೊಡೆದುಹಾಕಿ ಹೊಸದನ್ನು ಬರೆದರು. ಕೆಂಚಪ್ಪನವರು ಪರ್ಸಿನಿಂದ ಅಂಚೆಚೀಟಿ ಹುಡುಕಿ ಕೊಟ್ಟರು.

"ಅಲ್ನೋಡಿ!" ಎಂದು ಫಾಲಾಕ್ಷರು ಥಟ್ಟನೆ ಕೂಗಿದರು.

ಪೆಟ್ಟಿಗೆಯನ್ನು ಆರಿಸಲು ಎಲ್ಲರೂ ಮರೆತಿದ್ದರು. ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಬೆಳಕಿನ ಹೆಂಗಸು ಅತ್ತಿತ್ತ ನೋಡಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬಗ್ಗಿ ಕೆಳಗಿನ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿದಳು. ಸ್ವಭಾವಪೂರಕ ಇಷ್ಟೂ ಹೊತ್ತು ನೋಡುತ್ತಲೇ ಇತ್ತಲ್ಲವೇ.

"ಇದನ್ನ ನಾನು ಕಲಿಸಲಿಲ್ಲ," ಎಂದರು ಫಾಲಾಕ್ಷ, ಮೆಲ್ಲಗೆ. "ರಾಜ್ಯದ ಲೆಕ್ಕದರ್ಶಕಗಳೆಲ್ಲ ಒಂದರಿಂದ ಒಂದು ಕಲೀತವೆ ಸಾರ್. ನಾಳೆಯಿಂದ ಯಾವ ಶಾಲೇಲೂ ಈ ಲೆಕ್ಕಕ್ಕೆ ಪುಸ್ತಕದ ಹನ್ನೆರಡು ಗಂಟೆ ಬರೋದಿಲ್ಲ, ನಾಲ್ಕೇ ಬರೋದು."

"ಹಾಗಾದ್ರೆ ಸಮಿತಿಯೋರು ಈ ಕಾಗದ ಓದ್ಲೇಬೇಕಾಯ್ತದೆ," ಎಂದರು ಕೆಂಚಪ್ಪನವರು.

ಅಂಚೆಪೆಟ್ಟಿಗೆ ರಸ್ತೆಯಾಚೆ ಹುಣಿಸೆಮರದ ಕೆಳಗಿತ್ತು. ಟೀಚರು ಮುಂದೆ, ಹಿಂದೆ ಇಡೀ ಒಂಬತ್ತನೇ ತರಗತಿ, ಅದರ ಹಿಂದೆ ಸುಲಭ ಗಣಿತದ ಚೀಟಿ ಜೇಬಿನಲ್ಲಿಟ್ಟುಕೊಂಡ ಉಪನಿರ್ದೇಶಕರು. ಅಂಗಳದ ನಲ್ಲಿ ತೊಟ್ಟಿಕ್ಕುತ್ತಿದ್ದುದನ್ನು ಕಂಡು ಫಾಲಾಕ್ಷರು ಹಿಂದಕ್ಕೆ ಹೋಗಿ ಅದನ್ನು ಬಿಗಿಮಾಡಿ ಬಂದರು.

ಲಕೋಟೆ ಅಂಟಿಸುವ ಮುಂಚೆ ಟೀಚರು ಕಾಗದವನ್ನು ಒಮ್ಮೆ ಮಕ್ಕಳಿಗೆ ಓದಿ ಹೇಳಿದರು. 'ಮಾನ್ಯರೇ, ಒಂಬತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ ತೊಟ್ಟಿಯ ಕೆಳಗಿನ ನಲ್ಲಿಯನ್ನು ಯಾರೋ ತೆರೆದಿಟ್ಟು ಹೋಗಿದ್ದಾರೆ. ದಯವಿಟ್ಟು ಅದರ ಕೆಳಗೆ ಒಂದು ಕೊಡ ಇಡಿಸಬೇಕಾಗಿ ವಿನಂತಿ.' ಅದರ ಕೆಳಗೆ, ಈಗಷ್ಟೇ ಬರೆದ ಸಾಲಿನ ಶಾಯಿ ಇನ್ನೂ ಹಸಿಯಾಗಿತ್ತು: 'ಕೊಡ ಇಲ್ಲದಿದ್ದರೆ ತಿಳಿಸಿ, ನಾವೇ ತರುತ್ತೇವೆ.'

ಅಂಚೆಪೆಟ್ಟಿಗೆಯ ಬಾಯಿ ತುಕ್ಕು ಹಿಡಿದು ಬಿಗಿಯಾಗಿತ್ತು. ಟೀಚರು ಲಕೋಟೆಯನ್ನು ಅರ್ಧ ತುರುಕಿ, ಸ್ವಲ್ಪ ತಡೆದು, ಹೆಬ್ಬೆರಳಿನಿಂದ ಒಳಕ್ಕೆ ನೂಕಿದರು. ಒಳಗೆ ಅದು ತಳ ಮುಟ್ಟಿದ ಸದ್ದನ್ನು ಇಡೀ ತರಗತಿ ಕಿವಿಗೊಟ್ಟು ಕೇಳಿತು.