ಚಿಕ್ಕರಾಣಿಯ ಬಾಯಿಬಡುಕ ಕಾರು

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಒಂದೇ ಕಡೆ ಕೂರುವ ಬುದ್ಧಿ ಬರದಿದ್ದ ಕಾಲದಲ್ಲಿ, ಮುತ್ತಿನಕೋಟೆ ಅಂತ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಮಾಣಿಕ್ಯರಾಯ. ಮೀಸೆ ನೋಡಿದರೆ ಹುಲಿ. ಮಿಕ್ಕದ್ದು ಕೇಳಬೇಡಿ. ಕೇಳದಿದ್ದರೂ ಹೇಳದೆ ಬಿಡುವ ಕತೆಯಲ್ಲ ಇದು.

ಅದೇ ಊರಿನಲ್ಲಿ ಕೆಂಚಿ ಅಂತ ಒಬ್ಬಳು ಕಮ್ಮಾರರ ಹುಡುಗಿ. ಕೈ ತುಂಬ ಕೆಲಸ, ಬಾಯಿ ತುಂಬ ಮಾತು. ನೋಡಲು ಬಂದ ಗಂಡುಗಳೆಲ್ಲ ಪಾನಕದ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋಗಿದ್ದರು. ಒಂದು ದಿನ ಅರಮನೆಯ ಆಳುಗಳು ಹಿತ್ತಿಲ ಮುರುಕು ಲಾಯವನ್ನು ಖಾಲಿ ಮಾಡಿ, ತುಕ್ಕು ಹಿಡಿದ ಕಬ್ಬಿಣದ ರಾಶಿಯನ್ನು ತಂದು ಅವಳ ಮನೆ ಮುಂದೆ ಸುರಿದರು.

"ಕರಗಿಸಿ ಕುಡುಗೋಲು ಮಾಡ್ಕೊ ಹೋಗು" ಅಂದರು.

ಕೆಂಚಿ ರಾಶಿ ಕೆದಕಿದಳು. ಅದು ಕಾರು! ಟಾಪಿಲ್ಲದ, ಎರಡೇ ಸೀಟಿನ, ಮೂಗು ಉದ್ದನೆಯ ಓಟದ ಕಾರು. ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿತ್ತು. ಎಂಜಿನ್ನಿನೊಳಗೆ ಇಲಿ ಸಂಸಾರ ಹೂಡಿತ್ತು.

ಕರಗಿಸಲು ಕೆಂಚಿಗೆ ಮನಸ್ಸು ಬರಲಿಲ್ಲ. ಇಲಿಯ ಸಂಸಾರಕ್ಕೆ ಬೇರೆ ಮನೆ ಮಾಡಿಕೊಟ್ಟಳು. ಮಡ್‌ಗಾರ್ಡಿನ ತಗ್ಗುಗಳನ್ನು ಒಳಗಿಂದ ಬಡಿದು ಎತ್ತಿದಳು. ಹಿತ್ತಾಳೆಯ ಹಾರನ್ನಿಗೆ ಹುಣಸೆಹಣ್ಣು ಹಾಕಿ ತಿಕ್ಕಿದಳು. ಮುರಿದ ಹಲ್ಲಿನ ಚಕ್ರಗಳನ್ನು ಕುಲುಮೆಯಲ್ಲಿ ಕಾಯಿಸಿ ಹೊಸದಾಗಿ ಬಡಿದಳು. ಒಂದು ಬೇಸಿಗೆ ಹೋಯಿತು, ಒಂದು ಮಳೆಗಾಲ ಹೋಯಿತು. "ಗಂಡು ಹುಡುಕೋ ವಯಸ್ಸಲ್ಲಿ ನಟ್ಟು ಹುಡುಕ್ತಾಳೆ" ಅಂತ ಊರೆಲ್ಲ ಆಡಿಕೊಂಡಿತು. ಕೊನೆಗೆ ಒಣಮೆಣಸಿನಕಾಯಿಯ ಬಣ್ಣ ಬಳಿದು, ಹೊಟ್ಟೆ ತುಂಬ ಹರಳೆಣ್ಣೆ ಹೊಯ್ದು, ಹಿಡಿ ತಿರುಗಿಸಿದಳು.

ಕಾರು ಕೆಮ್ಮಿತು. ಗಂಟಲು ಸರಿ ಮಾಡಿಕೊಂಡಿತು. ಮಾತಾಡಿತು.

"ಅಬ್ಬಬ್ಬಾ! ಎಷ್ಟು ವರ್ಷದ ಮಾತು ಹೊಟ್ಟೇಲೇ ಕೊಳೀತಿತ್ತು ಕಣೇ! ಕೂತ್ಕೊ ತಾಯಿ. ಮೊದಲು ಆ ಮಾಣಿಕ್ಯರಾಯನ ವಿಷಯ ಹೇಳ್ತೀನಿ."

ಊರಿಗೆ ಗೊತ್ತಿದ್ದ ಕತೆ ಬೇರೆ. ಹಿಂದಿನ ರಾಜನ ಕಿರಿಯ ಹೆಂಡತಿ ಚಿಕ್ಕರಾಣಿ, ವೀಣೆ ನುಡಿಸುವವನ ಜೊತೆ ಓಡಿಹೋದಳು, ಆ ನಾಚಿಕೆಗೆ ಅವಳ ಹೆಸರನ್ನೇ ಯಾರೂ ಎತ್ತಬಾರದು ಅಂತ ಅರಮನೆಯಿಂದ ಅಪ್ಪಣೆಯಾಗಿತ್ತು. ಅದಕ್ಕೂ ಮುಂಚೆ ನಡೆದ ಯುದ್ಧವನ್ನು ಆಗಿನ್ನೂ ಯುವರಾಜನಾಗಿದ್ದ ಮಾಣಿಕ್ಯರಾಯ ಒಬ್ಬನೇ ಗೆದ್ದ ಅಂತ ಗೋಡೆಗೋಡೆಯ ಮೇಲೂ ಚಿತ್ರ ಬರೆಸಿದ್ದರು.

"ಒಬ್ಬನೇ ಅಂತೆ!" ಅಂದಿತು ಕಾರು. "ನನ್ನ ಸೀಟಿನ ಕೆಳಗೆ ಮುದುಡಿ ಕೂತಿದ್ದ. ಮೈಮೇಲೆ ಚಿಕ್ಕಮ್ಮನ ಸೀರೆ, ತಲೆ ತುಂಬ ಸೆರಗು. ಸ್ಟೇರಿಂಗ್ ಹಿಡಿದು ಶತ್ರುಗಳ ಸಾಲು ಮುರಿದವಳು ಚಿಕ್ಕರಾಣಿ. ವೀಣೆಯವನ ಜೊತೆ ಓಡಿಹೋದಳಾ? ಅವನಿಗೆ ಎಂಬತ್ತು ದಾಟಿತ್ತು, ಪಾಪ, ಬಚ್ಚಲಿಗೆ ಹೋಗೋಕೂ ಇಬ್ಬರು ಹಿಡ್ಕೋಬೇಕಿತ್ತು!"

"ಮತ್ತೆ ರಾಣಿ ಎಲ್ಲಿ?" ಅಂದಳು ಕೆಂಚಿ.

ಕಾರಿನ ದೀಪ ಮಂಕಾಯಿತು. "ರಣದಲ್ಲಿ ಸೈನಿಕರು ಅವಳಿಗೆ ಜೈಕಾರ ಹಾಕಿದ್ದನ್ನ ಇವನ ಕೈಲಿ ಸಹಿಸೋಕಾಗಲಿಲ್ಲ. ಗಾಜಿನ ಮಾಂತ್ರಿಕ ಸ್ಫಟಿಕಾಕ್ಷನ ಕೈಗೆ ಕೊಟ್ಟುಬಿಟ್ಟ. ನನ್ನ ಬಿಟ್ರೆ ಅದನ್ನ ಕಂಡವರು ಯಾರೂ ಉಳಿದಿಲ್ಲ."

ಕೆಂಚಿ ಕಾರನ್ನು ಬೀದಿಗೆ ಇಳಿಸಿದಳು. ಕಾರು ಸುಮ್ಮನಿರುವುದುಂಟೇ? ತರಕಾರಿ ಸಂತೆ ದಾಟುವಷ್ಟರಲ್ಲಿ ಸೀರೆಯ ಸುದ್ದಿ ಬಿಟ್ಟುಕೊಟ್ಟಿತು. ಹೂ ಮಾರುವ ತುಂಗಕ್ಕನ ಕಿವಿಗೆ ಬಿದ್ದರೆ ಕೇಳಬೇಕೇ? ಬೇಳೆ ಬೇಯುವ ಹೊತ್ತಿಗೆ ಸುದ್ದಿ ಅರಮನೆಯ ಅಡುಗೆಮನೆ ಸೇರಿತ್ತು.

ಮಾಣಿಕ್ಯರಾಯ ಬೆವರಿದ. ಮರುದಿನವೇ ಡಂಗುರ ಹೊಡೆಸಿದ: "ಅರಮನೆಯ ಅಪರೂಪದ ಓಟದ ಕಾರು! ಹಳೆಯದನ್ನು ಹೊಸದಾಗಿಸಿ ಮಾರಾಟಕ್ಕಿಡಲಾಗಿದೆ! ದೇಶದೇಶದ ಸಂಗ್ರಹಕಾರರು ಬರಬಹುದು!"

ಬಂದರು. ಮೈತುಂಬ ಜರತಾರಿ, ಬೆರಳಿಗೊಂದು ಉಂಗುರ. ಬಾನೆಟ್ ಎತ್ತಿ ಇಣುಕಿದರು, ಬಾಗಿಲು ಕುಟ್ಟಿ ನೋಡಿದರು. "ಓಡಿಸಿದ್ದೀಯೇನಮ್ಮಾ? ಛೆ ಛೆ, ಓಡಿಸಬಾರದಿತ್ತು" ಅಂದ ಒಬ್ಬ.

"ಓಡಿಸೋದಲ್ಲದೆ ಇದಕ್ಕೆ ಉಪ್ಪಿನಕಾಯಿ ಹಾಕ್ಲಾ ಸ್ವಾಮಿ?" ಅಂದಳು ಕೆಂಚಿ.

ಅವರೆಲ್ಲರ ಹಿಂದೆ, ನೆರಳೇ ಇಲ್ಲದವನೊಬ್ಬ ಬಂದ. ಅವನೇ ಸ್ಫಟಿಕಾಕ್ಷ. ಅವನು ಮೆಚ್ಚಿದ್ದೆಲ್ಲ ಗಾಜಾಗುತ್ತಿತ್ತು. ಅವನ ಅರಮನೆಯಲ್ಲಿ ಕುಣಿಯದ ನವಿಲಿತ್ತು, ಬಾಯಿ ತೆರೆದೂ ಹಾಡದ ಗಾಯಕಿಯಿದ್ದಳು.

"ಇದು ನನಗೆ" ಅಂದ.

"ಕೆಳಗಿಳಿ ಹುಡುಗಿ" ಅಂದ ರಾಜ.

ಕೆಂಚಿ ಹತ್ತಿ ಕೂತಳು. "ಬಿಸಾಕಿದಾಗ ಕಬ್ಬಿಣ, ಬೆಳಗಿದ ಮೇಲೆ ಅರಮನೆ ಸೊತ್ತಾ ಬುದ್ಧಿ? ನಾನು ಇಳಿಯೋದಿಲ್ಲ."

"ತಲೆ ತೆಗೆಸ್ತೀನಿ!"

"ತೆಗೆಸಿ. ಕಾರಿನ ಬಾಯಿ ಯಾವ ಕತ್ತಿಯಿಂದ ತೆಗೆಸ್ತೀರಿ?"

ನೆರೆದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ರಾಜನ ಮೀಸೆ ಇಳಿಯಿತು. ಸ್ಫಟಿಕಾಕ್ಷ ಕೈಯೆತ್ತಿದ. "ಗಲಾಟೆ ಬೇಡ. ಮೂರು ಪಂದ್ಯ ಒಡ್ಡುತ್ತೇನೆ. ಮೂರನ್ನೂ ಗೆದ್ದರೆ ಕಾರು ನಿನ್ನದು. ಒಂದನ್ನು ಸೋತರೂ ಕಾರು ನನ್ನ ಗಾಜಿನೊಳಗೆ, ನೀನು ಅದರ ಪಕ್ಕದಲ್ಲಿ."

"ಒಪ್ಪಿದೆ" ಅಂದಳು ಕೆಂಚಿ. ಹೆದರಿಕೆ ಇತ್ತು. ಆದರೆ ಅದನ್ನು ಅವನಿಗೆ ತೋರಿಸುವಳೇ?

ಮೊದಲನೆಯ ಪಂದ್ಯ. ಮಾಂತ್ರಿಕ ಚಪ್ಪಾಳೆ ತಟ್ಟಿದ. ಎಂಟು ಕಾಲಿನ ಹುಲಿ ಬಂದು ನಿಂತಿತು. ಕೋಟೆ ಸುತ್ತಿ ಯಾರು ಮೊದಲು ಬರುತ್ತಾರೋ ಅವರಿಗೆ ಗೆಲುವು. ಹುಲಿ ಹಾರಿತು ನೋಡಿ, ಒಂದೇ ನೆಗೆತಕ್ಕೆ ಎರಡು ಬೀದಿ!

"ಕೆಂಚೀ, ಅದರ ಬಾಲವೂ ಕಾಣ್ತಿಲ್ಲ!" ಅಂದಿತು ಕಾರು.

"ಬಾಲ ಕಟ್ಕೊಂಡು ನಮಗೇನು? ನೀನು ಮೆಣಸಿನಕಾಯಿ ಮಂಡಿ ಕಡೆ ತಿರುಗು!"

ಒಣಗಲು ಹರವಿದ ಮೆಣಸಿನಕಾಯಿಯ ಮಧ್ಯದಲ್ಲೇ ಕಾರು ನುಗ್ಗಿತು. ಚಕ್ರಕ್ಕೆ ಸಿಕ್ಕಿ ಮೆಣಸಿನಕಾಯಿ ಪುಡಿಯಾಯಿತು. ಪುಡಿಯೆಲ್ಲ ಕೆಂಪು ಮೋಡವಾಗಿ ಎದ್ದು, ಗಾಳಿಗೆ ಹುಲಿಗಿಂತ ಮುಂದೆ ಹಾರಿತು. ಕೋಟೆಯ ತಿರುವಿನಲ್ಲಿ ಹುಲಿ ಆ ಮೋಡದೊಳಗೆ ಮುಖವಿಟ್ಟಿತು. ಆಕ್ಷೀ! ಒಂದು ಸೀನಿಗೆ ಎಂಟೂ ಕಾಲು ಎಂಟು ದಿಕ್ಕಿಗೆ ಹೋದವು. ಕಣ್ಣುಜ್ಜಿಕೊಳ್ಳುತ್ತಾ ಅದು ಕೂತುಬಿಟ್ಟಿತು. ಕಾರು ಮೊದಲು ಬಂತು. ಮಂಡಿಯ ಶೆಟ್ಟರು ಬೈದದ್ದನ್ನು ಇಲ್ಲಿ ಹೇಳುವಂತಿಲ್ಲ.

ಎರಡನೆಯ ಪಂದ್ಯ. "ಈ ಕೆರೆ ದಾಟಿ ಆಚೆ ದಡಕ್ಕೆ ಹೋಗು" ಅಂದ ಮಾಂತ್ರಿಕ. ಕೆರೆ ಬತ್ತಿತ್ತು, ಮಧ್ಯದಲ್ಲಿ ಒಳ್ಳೆಯ ದಾರಿಯೂ ಇತ್ತು. ಕೆಂಚಿ ಇನ್ನೇನು ಇಳಿಯಬೇಕು, ಮಾಂತ್ರಿಕ ಬಗ್ಗಿ ದಾರಿಯ ತುದಿ ಹಿಡಿದು, ಚಾಪೆ ಸುತ್ತಿದಂತೆ ಇಡೀ ದಾರಿಯನ್ನೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಉಳಿದದ್ದು ಮೊಣಕಾಲುದ್ದ ಕೆಸರು.

"ಹೋಗು ಮತ್ತೆ" ಅಂತ ಹಲ್ಲುಕಿರಿದ.

ಕೆಂಚಿಗೆ ಅಳು ಬಂತು. ಅಳು ನುಂಗಿ ಕಾರಿನ ಕಿವಿಯಲ್ಲಿ ಏನೋ ಹೇಳಿದಳು. ಕಾರು ಹಾರನ್ ಹೊಡೆದು ಕೂಗಿತು: "ಅಕ್ಕಂದಿರಾ! ರಾಜ ಸೀರೆ ಉಟ್ಟಿದ್ದು ಗೊತ್ತಲ್ಲ? ಚಿಕ್ಕರಾಣಿ ಎಲ್ಲಿದ್ದಾಳೆ ಅಂತ ನನಗೆ ಗೊತ್ತು! ಆದರೆ ಆಚೆ ದಡಕ್ಕೆ ಹೋದ ಮೇಲೇ ಹೇಳೋದು!"

ತುಂಗಕ್ಕ ಸೀರೆ ಎತ್ತಿ ಕಟ್ಟಿದಳು. "ಏನ್ರೇ ನೋಡ್ತೀರಿ? ಇದನ್ನ ಕೇಳದೆ ಇವತ್ತು ಗಂಟಲಲ್ಲಿ ಅನ್ನ ಇಳಿಯುತ್ತಾ? ಮನೆಯಲ್ಲಿ ಹಾಸೋದು ಏನಿದ್ರೂ ತನ್ನಿ!"

ಚಾಪೆ ಬಂತು, ಕಂಬಳಿ ಬಂತು, ಮಂಚ ಬಂತು, ಮುಂಬಾಗಿಲೇ ಕಿತ್ತುಕೊಂಡು ಬಂತು. ಒಬ್ಬಳು ಗಂಡ ಮಲಗಿದ್ದ ಹಾಗೇ ಮಂಚ ಹೊರಿಸಿಕೊಂಡು ಬಂದು, ಕೆಸರಿಗೆ ಹಾಸುವ ಮುಂಚೆ ಅವನನ್ನು ಉರುಳಿಸಿದಳು. ಕೆರೆಯ ಮೇಲೆ ಹೊಸ ದಾರಿ ಬಿತ್ತು. ಕಾರು ಅದರ ಮೇಲೆ ಗಡಗಡ ದಾಟಿತು. ದಾಟಿದ್ದೇ ಹೇಳಿತು: "ಈ ಗಾಜಿನವನ ಅರಮನೆಯಲ್ಲಿದ್ದಾಳೆ. ಕೊಟ್ಟವನು ನಿಮ್ಮ ರಾಜ!"

ಮಾಣಿಕ್ಯರಾಯ ಪಲ್ಲಕ್ಕಿಯ ಪರದೆ ಎಳೆದುಕೊಂಡ.

ಮೂರನೆಯ ಪಂದ್ಯ. "ನನ್ನ ಅರಮನೆಯೊಳಗೆ ಬಂದು, ಒಂದು ಸುತ್ತು ಹಾಕಿ ಹೊರಗೆ ಹೋಗು. ಅಷ್ಟೇ" ಅಂದ ಸ್ಫಟಿಕಾಕ್ಷ, ಆಚೆ ದಡದ ಮೇಲಿದ್ದ ತನ್ನ ಗಾಜಿನ ಬಾಗಿಲು ತೆಗೆದು. "ಒಂದು ಮಾತು ನೆನಪಿರಲಿ. ನನ್ನ ಮನೆಯೊಳಗೆ ಯಾರ ಬಾಯಿ ಸುಮ್ಮನಾಗುತ್ತದೋ ಅವರು ಗಾಜು."

"ನಮಗೇ ಹೇಳ್ತೀಯಾ ಇದನ್ನ?" ಅಂತ ಕಾರು ನಕ್ಕಿತು.

ನುಗ್ಗಿದರು. ಕಾರು ಹಳೆಯ ಮಂತ್ರಿಯ ಎರಡನೇ ಸಂಸಾರದ ಕತೆ ಹೇಳುತ್ತಾ, ಕೆಂಚಿ "ಅಯ್ಯೋ ಹೌದಾ?" ಅನ್ನುತ್ತಾ, ಗಾಜಿನ ಆನೆ ದಾಟಿದರು, ಗಾಜಿನ ನವಿಲು ದಾಟಿದರು. ಅರ್ಧ ಸುತ್ತು ಆಗಿತ್ತು. ಅಲ್ಲಿ, ಒಂದು ಪೀಠದ ಮೇಲೆ, ಸ್ಟೇರಿಂಗ್ ಹಿಡಿದ ಹಾಗೆ ಕೈ ಚಾಚಿ ನಿಂತಿದ್ದಳು ಚಿಕ್ಕರಾಣಿ. ತಲೆಯಿಂದ ಕಾಲಿನವರೆಗೂ ಗಾಜು.

ಕಾರು ನಿಂತಿತು. ಅದರ ಮಾತು ನಿಂತಿತು.

"ಮಾತಾಡೋ!" ಅಂತ ಕೆಂಚಿ ಕೂಗಿದಳು. "ಮಂತ್ರಿ ಕತೆ ಏನಾಯ್ತು? ಆ ಹೆಂಗಸು ಯಾರು? ಮಾತಾಡೋ ದರಿದ್ರದವನೇ!"

ಕಾರು ಮಾತಾಡಲಿಲ್ಲ. ಎಂಜಿನ್ ಮಾತ್ರ ಒಳಗೇ ಗೊರಗೊರ ಅಂತಿತ್ತು. ಉದ್ದ ಮೂಗಿನ ತುದಿಯಿಂದ ಗಾಜು ಹತ್ತಿತು. ದೀಪ ಗಾಜಾಯಿತು, ಬಾನೆಟ್ ಗಾಜಾಯಿತು, ಮುಂದಿನ ಎರಡು ಚಕ್ರವೂ ಗಾಜಾಯಿತು. ಕೆಂಚಿ ಬೈಯುವುದನ್ನು ನಿಲ್ಲಿಸಲಿಲ್ಲ. ಬಾಯಿಗೆ ಬಂದದ್ದೆಲ್ಲ ಬೈದಳು, ಮಾಂತ್ರಿಕನ ಅಜ್ಜಿಯವರೆಗೂ ಹೋದಳು.

"ಎಷ್ಟು ಹೊತ್ತು ಬೈಯುತ್ತೀಯೆ? ಗಂಟಲು ಒಣಗುತ್ತದೆ. ನಾನು ಕಾಯುತ್ತೇನೆ" ಅಂದ ಸ್ಫಟಿಕಾಕ್ಷ. ಬಾಗಿಲ ಕಡೆ ತಿರುಗಿ ಸಾರಿದ: "ಕಾರು ನನ್ನದಾಯಿತು!"

ಬಾಗಿಲಲ್ಲಿ ಹೆಂಗಸರ ಹಿಂಡು ಬಂದು ನಿಂತಿತ್ತು. ರಾಣಿಯನ್ನು ಕಣ್ಣಾರೆ ನೋಡದೆ ಮನೆಗೆ ಹೋಗುವವರೇ? ಮಾತಾಡುತ್ತಲೇ ಒಳಗೆ ಬಂದರು. ಅವರ ಬಾಯಿ ಸುಮ್ಮನಾಗಿ ಗಾಜಾಗುವುದು ಈ ಜನ್ಮದಲ್ಲಿ ಇಲ್ಲ.

"ಅಯ್ಯೋ ನೋಡ್ರೇ, ಗಾಡಿ ಕೈ ಬದಲಾಯ್ತು, ಚಕ್ರಕ್ಕೆ ಒಂದು ನಿಂಬೆಹಣ್ಣಿಲ್ಲ!" ಅಂದಳು ತುಂಗಕ್ಕ.

"ಅರಿಶಿನ ಕುಂಕುಮವೂ ಇಲ್ಲ ಕಣಕ್ಕ. ಎಷ್ಟಿದ್ದು ಏನು, ಸಂಸ್ಕಾರ ಬೇಡ್ವಾ?"

"ಗಾಡಿ ಕಳ್ಳನಿಗೇ ಹೋಗ್ಲಿ, ಸುಳ್ಳನಿಗೇ ಹೋಗ್ಲಿ, ನಿಂಬೆಹಣ್ಣು ಇಡದೆ ಬಿಟ್ರೆ ಊರಿಗೇ ಕೇಡು. ಅಗೋ, ಅಲ್ಲಿ ಗಿಡ ಇದೆ."

ಇತ್ತು. ಅಷ್ಟು ದೊಡ್ಡ ಗಾಜಿನ ಅರಮನೆಯಲ್ಲಿ ಹಸಿಯಾಗಿದ್ದದ್ದು ಅದೊಂದೇ. ಕುಂಡದಲ್ಲಿ ಒಂದು ನಿಂಬೆಗಿಡ, ಗಿಡದಲ್ಲಿ ಒಂದೇ ಹಣ್ಣು. ತುಂಗಕ್ಕ ಹೋಗಿ ಕಿತ್ತಳು.

"ಅದನ್ನು ಮುಟ್ಟಬೇಡ!" ಅಂತ ಸ್ಫಟಿಕಾಕ್ಷ ಚೀರಿದ. ಕೈಯಿಂದ ಮಂತ್ರದಂಡ ಜಾರಿತು. ಅವನು ಊರೂರಿನ ಸಾಮಾನು ಕೊಂಡಿದ್ದ, ಆದರೆ ಚಲಿಸುವ ಒಂದೇ ಒಂದು ಗಾಡಿಯನ್ನೂ ಕೊಂಡವನಲ್ಲ. ಈ ಶಾಸ್ತ್ರ ಅವನಿಗೇನು ಗೊತ್ತು!

"ಬಾಯಿ ಮುಚ್ಚಯ್ಯ ಜಿಪುಣ! ಒಂದು ನಿಂಬೆಹಣ್ಣಿಗೆ ಇಷ್ಟು ಗೋಳಾ?" ಅಂತ ತುಂಗಕ್ಕ ಗದರಿದಳು. "ಒಂದೇ ಇದೆಯಲ್ರೇ, ಯಾವ ಚಕ್ರಕ್ಕೆ ಇಡೋದು?"

ಕೆಂಚಿ ಮಾಂತ್ರಿಕನ ಮುಖ ನೋಡಿದಳು. ಬೆವರು ಇಳಿಯುತ್ತಿತ್ತು. ಹಣ್ಣಿಗಾಗಿ ಅಳುವ ಮುಖ ಅಲ್ಲ ಅದು, ಪ್ರಾಣಕ್ಕಾಗಿ ಅಳುವ ಮುಖ. ಓಹೋ, ಇವನು ಪ್ರಾಣ ಇಟ್ಟಿರುವುದು ಈ ಹಣ್ಣಿನೊಳಗೆ ಅಂದುಕೊಂಡಳು.

"ಹಿಂದಿನ ಬಲಗಡೆ ಚಕ್ರಕ್ಕೆ ಇಡಕ್ಕಾ! ಅದಿನ್ನೂ ರಬ್ಬರಿದೆ!"

"ಬೇಡ ತಾಯಿ! ರಾಜ್ಯ ಕೊಡ್ತೀನಿ! ಗಾಜಿನ ಆನೆ ಕೊಡ್ತೀನಿ!" ಅಂತ ಸ್ಫಟಿಕಾಕ್ಷ ಕೈಮುಗಿದ.

"ಕಾರು ಕೊಡು ಅಂದಾಗ ಏನಂದೆ ನಾನು? ಇಳಿಯೋದಿಲ್ಲ ಅಂದೆ. ಈಗಲೂ ಅದೇ ಮಾತು."

ಪೆಡಲಿನ ಮೇಲೆ ಕಾಲಿಟ್ಟು ಒತ್ತಿದಳು. ಚಕ್ರ ತಿರುಗಿತು. ಪಚಕ್!

ಸ್ಫಟಿಕಾಕ್ಷ ನಿಂತಲ್ಲೇ ಪುಡಿಯಾದ, ಪೊರಕೆಯಲ್ಲಿ ಗುಡಿಸಿ ಹಾಕುವಷ್ಟು ಪುಡಿ. ಅರಮನೆಯ ಗಾಜೆಲ್ಲ ಚಿಟಚಿಟ ಬಿರುಕು ಬಿಟ್ಟು ಉದುರಿತು. ನವಿಲು ಕುಣಿಯಿತು. ಗಾಯಕಿಯ ಬಾಯಲ್ಲಿ ಸಿಕ್ಕಿಕೊಂಡಿದ್ದ ಹಾಡು ಹೊರಗೆ ಬಂತು. ಕಾರಿನ ಮೂಗಿನಿಂದ ಗಾಜು ಕಳಚಿ ಬಿದ್ದದ್ದೇ ತಡ, "ಅಮ್ಮಾ!" ಅಂತ ಅದು ಕಟ್ಟೆಯೊಡೆದಂತೆ ಅತ್ತಿತು.

ಚಿಕ್ಕರಾಣಿ ಪೀಠ ಇಳಿದು ಬಂದು ಕಾರಿನ ಮೂಗು ಸವರಿದಳು. "ಯಾರಪ್ಪಾ ನಿನ್ನನ್ನ ಇಷ್ಟು ಚಂದ ಮಾಡಿದ್ದು?" ಅಂದಳು. ಆಮೇಲೆ ಸುತ್ತ ನೋಡಿದಳು. "ಅವನೆಲ್ಲಿ ನನ್ನ ಮಗರಾಯ?"

ಪಲ್ಲಕ್ಕಿ ಖಾಲಿಯಾಗಿತ್ತು. ಮಾಣಿಕ್ಯರಾಯ ಗದ್ದೆಯ ಬದುವಿನ ಮೇಲೆ ಓಡುತ್ತಿದ್ದ. ಹೆಂಗಸರು ಅಟ್ಟಿಸಿಕೊಂಡು ಹೋಗಿ ಹಿಡಿದು, ತುಂಗಕ್ಕನ ಹಳೆಯ ಸೀರೆ ಉಡಿಸಿ, ಊರಿನ ಗೋಡೆಗಳ ಮೇಲಿದ್ದ ಯುದ್ಧದ ಚಿತ್ರವನ್ನೆಲ್ಲ ಅವನ ಕೈಯಿಂದಲೇ ಒರೆಸಿಸಿದರು. ಒರೆಸಿದ ಮೇಲೆ ಗಡಿ ದಾಟಿಸಿದರು. ಅತ್ತೆಮನೆಯಲ್ಲಿದ್ದಾನಂತೆ. ಅಲ್ಲಿ ಅತ್ತೆ ಹೇಗಿದ್ದಾಳೆ ಅನ್ನುವುದು ಬೇರೆ ಕತೆ, ಅದೂ ಚೆನ್ನಾಗಿದೆ.

ಚಿಕ್ಕರಾಣಿ ಸಿಂಹಾಸನದ ಮೇಲೆ ಕೂತು ಬಹಳ ಕಾಲ ಆಳಿದಳು. ಮಳೆ ಬೆಳೆ ಆಯಿತು, ಕೆರೆ ತುಂಬಿತು, ಬಾಗಿಲು ಕಿತ್ತುಕೊಂಡು ಬಂದಿದ್ದವರಿಗೆ ಹೊಸ ಬಾಗಿಲು ಬಂತು. ಜನ ಉಂಡು, ಉಟ್ಟು, ಮಾತಾಡಿಕೊಂಡು ಸುಖವಾಗಿದ್ದರು.

ಸಂಗ್ರಹಕಾರರಿಗೆ ಮಾತ್ರ ಬುದ್ಧಿ ಬರಲಿಲ್ಲ. ಒಬ್ಬ ಜರತಾರಿಯವನು ಬೀದಿಯಲ್ಲಿ ಕಾರಿಗೆ ಅಡ್ಡ ನಿಂತು, "ಕೇಳಿದ್ದು ಕೊಡ್ತೀನಮ್ಮ, ಕಾರು ಕೊಟ್ಟುಬಿಡು. ಧೂಳು ತಾಕದ ಹಾಗೆ ಇಟ್ಕೋತೀನಿ" ಅಂದ.

ಪಕ್ಕದ ಸೀಟಿನಲ್ಲಿ ಎಲೆಅಡಿಕೆ ಜಗಿಯುತ್ತಿದ್ದ ರಾಣಿ ಕೆಂಚಿಯ ಕಡೆ ನೋಡಿದಳು.

ಕೆಂಚಿ ಗೇರ್ ಹಾಕಿದಳು. "ಪಕ್ಕಕ್ಕೆ ನಿಲ್ಲಿ ಸ್ವಾಮಿ, ಧೂಳು ಬೀಳುತ್ತೆ" ಅಂದಳು. ಆ ಕೆಂಪು ಕಾರು, ಇಬ್ಬರು ಹೆಂಗಸರನ್ನು ಕೂರಿಸಿಕೊಂಡು, ಬಾಯಿತುಂಬ ಮಾತಾಡುತ್ತಾ, ಅವನ ಜರತಾರಿಯ ಮೇಲೆಲ್ಲ ಧೂಳೆಬ್ಬಿಸಿಕೊಂಡು ಹೋಯಿತು.