ಎರಡು ರಾಜ ಹಿಡಿದು ಕುಳಿತ ಸಂಜೆ

2024ರ ನವೆಂಬರ್ 11, ಸೋಮವಾರ ಬೆಳಿಗ್ಗೆ 10.20. ಕಲಬುರಗಿಯ ಠಾಣೆಗೆ ಬಂದ ದೂರನ್ನು ಓದಿ ಇನ್‌ಸ್ಪೆಕ್ಟರ್ ದತ್ತಪ್ಪನವರಿಗೆ ಮೊದಲು ನಗು ಬಂತು. ಜೇವರ್ಗಿ ಕಾಲೋನಿಯಲ್ಲಿ ಗಣಿತದ ಟ್ಯೂಷನ್ ನಡೆಸುವ ವಿವೇಕಾನಂದ ಮೊಬೈಲಿನಲ್ಲಿ ಪೋಕರ್ ಆಡಿ ಸೋತಿದ್ದ. ಸೋತದ್ದು ಮೋಸದಿಂದ ಎಂದು ಬರೆದುಕೊಟ್ಟಿದ್ದ.

"ಸೋತವರೆಲ್ಲಾ ಹಂಗೇ ಅಂತಾರ. ಸಾಬೀತೇನು?"

"ಇಬ್ಬರೇ ಆಡೋ ಟೇಬಲ್ ರೀ. ಒಬ್ಬೊಬ್ಬರಿಗೆ ಎರಡು ಮುಚ್ಚಿದ ಎಲಿ. ಎದುರಿನಾಂವ ಬಾದಶಹಾ-9 ಅಂತ ಹೆಸರಿಟ್ಕೊಂಡಾನ. ಯಾವಾಗ ನೋಡಿದ್ರೂ ಪಣ ಏರಿಸಿ ಏರಿಸಿ ಹೊಡಿತಾನ. ನನಗ ಎರಡು ರಾಜ, ಇಲ್ಲಾ ಎರಡು ಎಕ್ಕಾ ಬಂದಾಗ ಮಾತ್ರ ಸುಮ್ನ ಎಲಿ ಚೆಲ್ಲಿಬಿಡ್ತಾನ. ಹನ್ನೊಂದು ಸಲ ಬಂದಿತ್ರಿ, ಹನ್ನೊಂದೂ ಸಲ ಚೆಲ್ಯಾನ."

"ಗೊತ್ತಿದ್ದೂ ಆಂವನ ಕೂಡ ಯಾಕ ಆಡಿದಿ?"

ವಿವೇಕಾನಂದ ನೆಲ ನೋಡಿದ. "ಹೆಂಡ್ತಿ ತವರಿಗೆ ಹೋಗಿ ಒಂದೂವರೆ ತಿಂಗಳಾತ್ರಿ. ನಾ ಕೆಟ್ಟಾಂವಲ್ಲ, ನನಗ ಮೋಸ ಆಗ್ಯದ ಅಂತ ತೋರಿಸಿದ್ರ ಆಕಿ ತಿರುಗಿ ಬರ್ತಾಳ."

ದತ್ತಪ್ಪನವರ ನಗು ಅಲ್ಲೇ ನಿಂತಿತು. 11.05ಕ್ಕೆ ಎಫ್‌ಐಆರ್ ಆಯಿತು. ಪಂಚನಾಮೆ ಮಾಡಿ ಫೋನನ್ನು ವಶಕ್ಕೆ ಪಡೆದರು. ಮಧ್ಯಾಹ್ನದೊಳಗೆ ಕಾನ್‌ಸ್ಟೆಬಲ್ ಸುನೀಲಕುಮಾರ ಅದರಲ್ಲಿ ಅಡಗಿದ್ದ ಒಂದು ಆ್ಯಪ್ ಹುಡುಕಿದ. ಅದರಿಂದ ಈ ಫೋನಿನ ಪರದೆಯ ಮೇಲಿದ್ದದ್ದೆಲ್ಲ ಬೇರೆ ಯಾರದೋ ಫೋನಿನಲ್ಲೂ ಕಾಣುತ್ತಿತ್ತು. ಸೆಪ್ಟೆಂಬರ್ 21ರಂದು ಹಾಕಿದ್ದು.

"ನಿನ್ನ ಫೋನ್ ಯಾರು ಮುಟ್ತಾರ?"

"ಯಾರೂ ಇಲ್ರಿ. ನಾನು, ಹೆಂಡ್ತಿ ಪ್ರೀತಿ, ಅಷ್ಟೇ."

ಎಂಟು ದಿನಕ್ಕೆ ಆಟದ ಕಂಪನಿಯ ಉತ್ತರ ಬಂತು. ಬಾದಶಹಾ-9 ಆಡುತ್ತಿದ್ದದ್ದು ಕಮಲಾಪುರ ಬಸ್ ನಿಲ್ದಾಣದ ಹತ್ತಿರದ ನೋಮಾನ್ ಎಂಬಾತನ ಝೆರಾಕ್ಸ್ ಅಂಗಡಿಯ ವೈಫೈನಿಂದ. ಪಾಸ್‌ವರ್ಡನ್ನು ಗೋಡೆಗೇ ಅಂಟಿಸಿದ ಪುಣ್ಯಾತ್ಮ. ಓಣಿಯೆಲ್ಲ ಬಳಸುತ್ತಿತ್ತು.

"ಪ್ರೀತಿ ತವರು ಯಾವೂರು?"

"ಕಮಲಾಪುರ್ರಿ," ಎಂದ ವಿವೇಕಾನಂದ. ಹೇಳಿದ್ದೇನೆಂದು ಅವನಿಗೇ ಹೊಳೆಯಲಿಲ್ಲ.

ದತ್ತಪ್ಪನವರಿಗೆ ಹೊಳೆಯಿತು, ಹೊಳೆಯಬಾರದಿತ್ತು ಅನ್ನಿಸಿತು. ಆದರೆ ಅನುಮಾನ ಸಾಕ್ಷಿಯಾಗುವುದಿಲ್ಲ. ಆಡುವಾಗಲೇ, ಫೋನ್ ಕೈಯಲ್ಲಿದ್ದಾಗಲೇ ಹಿಡಿಯಬೇಕು. ಹೊತ್ತು ಮುಳುಗಿದರೆ ಹೆಂಗಸರನ್ನು ಬಂಧಿಸುವಂತಿಲ್ಲ. ಹೆಡ್ ಕಾನ್‌ಸ್ಟೆಬಲ್ ಮೆಹಬೂಬಿಯನ್ನೇ ಕಮಲಾಪುರಕ್ಕೆ ಕಳಿಸಿದರು.

ನವೆಂಬರ್ 20, ಬುಧವಾರ ಸಂಜೆ 4.10. ಹೊಸ ಫೋನಿನಲ್ಲಿ ವಿವೇಕಾನಂದನ ಖಾತೆ ತೆರೆದರು. ಇದರಲ್ಲಿ ಕದ್ದು ನೋಡುವ ಆ್ಯಪ್ ಇಲ್ಲ. ಅರ್ಧ ಗಂಟೆಯಲ್ಲಿ ಬಾದಶಹಾ-9 ಎದುರಿಗೆ ಬಂದು ಕೂತ. ಫೋನು ದತ್ತಪ್ಪನವರ ಕೈಯಲ್ಲಿ. "ನನಗ ಕೊಡಬ್ಯಾಡ್ರಿ, ಜೋರ್ ಹೊಡೆದ್ರ ಬಿಟ್ಟುಬಿಡ್ತೀನಿ," ಎಂದು ವಿವೇಕಾನಂದನೇ ಹೇಳಿದ್ದ. ಎಂಟು, ದುರ್ರಿ, ಸತ್ತೆ, ಬರೀ ಕೆಲಸಕ್ಕೆ ಬಾರದ ಎಲೆಗಳು. ದತ್ತಪ್ಪನವರು ಕಿಟಕಿಯ ಬಿಸಿಲು ನೋಡುವುದು, ಗಡಿಯಾರ ನೋಡುವುದು, ಕುರ್ಚಿಯಲ್ಲೇ ಚಡಪಡಿಸುವುದು. ಹೊತ್ತು ಮುಳುಗಲು ಇನ್ನೇನು ಅರ್ಧ ಗಂಟೆ. 5.09ಕ್ಕೆ ಎರಡು ರಾಜ ಬಂದವು.

ಬಾದಶಹಾ-9 ಏರಿಸಿದ.

"ತಿರುಗಿ ಏರಿಸ್ರಿ ಸಾಹೇಬ್ರ!"

"ಹೆದರಿ ಓಡಿದ್ರ? ಕೂಡಿಸಬೇಕು ಅಂವನ್ನ." ದತ್ತಪ್ಪನವರು ಕೊಟ್ಟಷ್ಟು ಸಮಯವನ್ನೂ ತಿಂದು, ಅಷ್ಟೇ ಪಣ ಕಟ್ಟಿದರು. ಪ್ರತಿ ಏರಿಕೆಗೂ ಯಾರ ಬೆರಳು ಆಡುತ್ತದೆಂದು ನೋಡಲು ಇನ್ನೊಂದು ಫೋನಿನಲ್ಲಿ ಮೆಹಬೂಬಿ ಇದ್ದಳು. "ಅಂಗಡ್ಯಾಗ ಯಾರೂ ಅಲುಗಾಡಿಲ್ಲ ಸಾಬ್."

ಇಬ್ಬರಿಗೂ ಸೇರಿದ ನಡುವಿನ ಮೂರು ಎಲೆ ತೆರೆದು ಬಿದ್ದವು. ಮತ್ತೆ ಏರಿಕೆ, ಮೊದಲಿನ ಮೂರರಷ್ಟು. ವಿವೇಕಾನಂದ ಕಣ್ಣು ಮುಚ್ಚಿಕೊಂಡ. ದತ್ತಪ್ಪ ಕಟ್ಟಿದರು. "ಹಿಂದಿನ ಓಣಿಗೆ ಹೋಗು."

ನಾಲ್ಕನೆಯ ಎಲೆ. ಮತ್ತೆ ಹೊಡೆತ. ಕಟ್ಟಿದರು. "ಮೆಟ್ಟಿಲ ಮ್ಯಾಲ ಒಬ್ಬಾಕಿ ಕುಂತಾಳ ಸಾಬ್. ಕೈಯಾಗ ಫೋನ್."

ಕೊನೆಯ ಎಲೆ. ಎದುರಿನವನು ಇದ್ದದ್ದೆಲ್ಲ ಸುರಿದ.

"ಈಗ!"

"ಆಕಿ ಹೆಬ್ಬೆರಳೇ ಆಡ್ತು ಸಾಬ್."

ದತ್ತಪ್ಪ ಕಟ್ಟಿದರು. ಬಾದಶಹಾ-9ನ ಕೈ ಬಿಚ್ಚಿದರೆ ಏನೂ ಇರಲಿಲ್ಲ. ಮೆಹಬೂಬಿ ಆಕೆಯ ಹೆಸರೇನೆಂದು ಕೇಳಿದ್ದು ಫೋನಿನಲ್ಲಿ ಕೇಳಿಸಿತು, ಆಕೆ ಪ್ರೀತಿ ಅಂದದ್ದೂ ಕೇಳಿಸಿತು.

ವಿವೇಕಾನಂದ ಪರದೆಯ ಮೇಲೆ ಬಿಚ್ಚಿದ್ದ ಎಲೆಗಳನ್ನು ಬಗ್ಗಿ ನೋಡಿದ. ಆಮೇಲೆ, "ಲಗ್ನಾದ ಹೊಸದರಾಗ ಆಕಿಗೆ ಈ ಆಟ ನಾನೇ ಕಲಿಸಿದ್ದೆ," ಎಂದ.

5.31ಕ್ಕೆ ಬಂಧನ ದಾಖಲಾಯಿತು. ದತ್ತಪ್ಪನವರು ಕಮಲಾಪುರ ಮುಟ್ಟಿದಾಗ ಪ್ರೀತಿ ಮೆಹಬೂಬಿಯ ಪಕ್ಕ ನೆಟ್ಟಗೆ ಕೂತಿದ್ದಳು.

"ರೊಕ್ಕಕ್ಕ ಮಾಡಿದೇನವಾ?"

"ಗೆದ್ದದ್ದು ಒಂದು ರೂಪಾಯಿ ಮುಟ್ಟಿಲ್ರಿ, ನೋಡ್ಕೋರಿ. ಹೋಗ್ತೀನಿ ಅಂದಾಗ ಫೋನಿನಿಂದ ಕಣ್ಣು ಎತ್ತದ, 'ಹೋಗು' ಅಂದ್ರು. ಸೋತು ಸೋತು ಆಟ ಬಿಟ್ಟಾರು, ಕರಿಯಾಕ ಬಂದಾರು ಅಂದ್ಕೊಂಡೆ."

"ಇವತ್ತ ಎಲಿ ಕಾಣ್ತಿರಲಿಲ್ಲ. ಮತ್ಯಾಕ ಹೊಡೆದಿ?"

"ಎಲಿ ಯಾಕ ಬೇಕ್ರಿ? ಎರಡು ಸಲ ಹೊಡೆದ್ರ ಬಿಟ್ಟುಕೊಡೋ ಮನುಷ್ಯಾ." ಆಕೆಯ ಮುಖದಲ್ಲಿ ನಗೆಯಂಥದ್ದು ಕಾಣಿಸಿತು. "ಇವತ್ತ ನಾಕು ಸಲ ಹೊಡೆದೆ, ಬಿಡಲಿಲ್ಲ. ಸೋತಿದ್ದಕ್ಕ ಖುಷಿ ಆತ್ರಿ. ಇಷ್ಟು ಗಟ್ಟಿ ಹಿಡಿಯಾಕ ಕಲಿತಾರಂದ್ರ ನಾಳೆ ನನ್ನೂ ಬಿಡಂಗಿಲ್ಲ ಅನ್ನಿಸ್ತು."

ಆ ಸಂಜೆಯ ಪಂಚನಾಮೆಯ ಪ್ರತಿಯನ್ನು ಓದಿ ಹೇಳಿ ಆಕೆಯ ಸಹಿ ಪಡೆಯಬೇಕಿತ್ತು. ಎರಡನೆಯ ಹಾಳೆಯಲ್ಲಿ, ಆಟದ ವೇಳೆ ಫೋನು ವಿವೇಕಾನಂದನ ಕೈಯಲ್ಲಿರಲಿಲ್ಲ, ತನಿಖಾಧಿಕಾರಿಯ ಕೈಯಲ್ಲೇ ಇತ್ತು ಎಂದು ಬರೆದಿತ್ತು. ಓದುತ್ತಿದ್ದ ಮೆಹಬೂಬಿ ಆ ಸಾಲಿನ ಹತ್ತಿರ ಬಂದು ತಡೆದಳು. ದತ್ತಪ್ಪನವರು ಹಾಳೆ ಇಸಿದುಕೊಂಡು ತಾವೇ ಓದಿದರು.

ಪ್ರೀತಿ ಇನ್ನೊಮ್ಮೆ ಓದಿರಿ ಅಂದಳು. ಓದಿದರು. ಆಮೇಲೆ ಪೆನ್ನು ಕೇಳಿ ಸಹಿ ಮಾಡಿದಳು.