ನಾಲ್ಕು ಹಣೆಯ ವಿಭೂತಿ

‘ಇವತ್ತೂ ನಾನು ಅಪ್ಪಾಜಿಯನ್ನು ಕೇಳಲಿಲ್ಲ,’ ಎಂದು ಶಾಂಭವಿ ಮನಸ್ಸಿನಲ್ಲೇ ಅಂದುಕೊಂಡಳು.

ಅವಳು ಸ್ಟೂಲಿನ ಮೇಲೆ ನಿಂತಿದ್ದಳು. ಒದ್ದೆ ಬೆರಳಿಗೆ ವಿಭೂತಿ ಅಂಟಿತ್ತು. ಎದುರಿಗೆ ಗೋಡೆಯ ಮೇಲೆ, ಗಾಜಿನ ಹಿಂದೆ, ನಾಲ್ಕು ಜನ ಸೈನಿಕರು.

“ಶಾಂಭವಿ, ಸಾಲಿಗೆ ಟೈಮಾತು! ಅಜ್ಜನ ಫೋಟೊಕ್ಕ ವಿಭೂತಿ ಹಚ್ಚಿದೇನು?” ಒಲೆಯ ಹತ್ತಿರದಿಂದ ಅಪ್ಪ ಸೋಮಶೇಖರ್ ಕೂಗಿದರು. ಬಾಣಲೆಯಲ್ಲಿ ಮಿರ್ಚಿ ಚುರ್ರೆನ್ನುತ್ತಿತ್ತು.

“ಹೂಂ ಅಪ್ಪಾಜಿ,” ಎಂದಳು. ಕೇಳಬೇಕಾದದ್ದನ್ನು ಕೇಳದೆ ಸ್ಟೂಲಿನಿಂದ ಇಳಿದಳು.

ಹೋದ ವರ್ಷ ಕಾರ್ಗಿಲ್ ಯುದ್ಧ ನಡೆದಾಗ ಕೊಟ್ಟೂರಿನಲ್ಲಿ ಎಲ್ಲಿ ನೋಡಿದರೂ ಸೈನಿಕರ ಚಿತ್ರಗಳೇ. ಕಟಿಂಗ್ ಶಾಪಿನಲ್ಲಿ, ಸೈಕಲ್ ಶಾಪಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ. ಆಗ ಅಪ್ಪಾಜಿ ಟ್ರಂಕಿನ ತಳದಿಂದ ಅಂಗೈಯಗಲದ ಒಂದು ಹಳೆಯ ಫೋಟೊ ಹೊರತೆಗೆದರು. ಎಪ್ಪತ್ತೊಂದರ ಯುದ್ಧದ ಫೋಟೊ. ಅದನ್ನು ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಬಸ್‌ಸ್ಟ್ಯಾಂಡಿನ ಪಕ್ಕದ ತಮ್ಮ ಮಿರ್ಚಿ-ಮಂಡಕ್ಕಿ ಹೋಟೆಲಿನ ಗೋಡೆಗೆ ಹಾಕಿದರು.

ಮರಳಿನ ಚೀಲಗಳ ಮೇಲೆ ನಾಲ್ವರು ಸಾಲಾಗಿ ಕುಳಿತಿದ್ದಾರೆ. ಬೂಟಿನಿಂದ ಮೊಣಕಾಲಿನವರೆಗೆ ಕೆಸರು. ಆದರೂ ನಾಲ್ವರೂ ನಗುತ್ತಿದ್ದಾರೆ, ಈಗಷ್ಟೇ ಯಾರೋ ಜೋಕ್ ಹೇಳಿದ ಹಾಗೆ! ಯುದ್ಧದ ನಡುವೆ ಹಾಗೆ ನಗಲು ಎಷ್ಟು ಧೈರ್ಯ ಬೇಕು ಎಂದು ಶಾಂಭವಿಗೆ ದಿನಾ ಆಶ್ಚರ್ಯ. ಕ್ಲಾಸಿನಲ್ಲಿ ಎದ್ದು ನಿಂತು ‘ಪ್ರೆಸೆಂಟ್ ಟೀಚರ್’ ಅನ್ನುವುದಕ್ಕೇ ಅವಳಿಗೆ ಎದೆ ಡವಡವ ಅನ್ನುತ್ತಿತ್ತು.

ನಾಲ್ವರಲ್ಲಿ ಎಡದಿಂದ ಎರಡನೆಯ, ಎತ್ತರದವರು ಹಾಲಸ್ವಾಮಿ ಅಜ್ಜ, ಅಪ್ಪಾಜಿಯ ಚಿಕ್ಕಪ್ಪ. ಆ ಯುದ್ಧದಿಂದ ಅವರು ತಿರುಗಿ ಬರಲಿಲ್ಲ. ಉಳಿದ ಮೂವರು ಯಾರು, ಎಲ್ಲಿಯವರು, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮನುಷ್ಯರಲ್ಲಿ ತೀರಿಹೋದವರ ಫೋಟೊಕ್ಕೆ ಮಾತ್ರ ವಿಭೂತಿ ಹಚ್ಚುತ್ತಾರೆ. ಇದು ಶಾಂಭವಿಗೂ ಗೊತ್ತು. ಅಪ್ಪಾಜಿ ಹೇಳಿದ್ದು ಅಜ್ಜನ ಹಣೆಗೆ. ಅವಳು ಹಚ್ಚುತ್ತಿದ್ದದ್ದು ನಾಲ್ಕೂ ಹಣೆಗೆ. ಆ ಮೂವರಲ್ಲಿ ಯಾರಾದರೂ ಬದುಕಿದ್ದರೆ? ಅವರಿಗೇನಾದರೂ ಕೆಟ್ಟದ್ದಾದರೆ? ಇದೇ ಅವಳ ಚಿಂತೆ. ಅಪ್ಪಾಜಿಯನ್ನು ಕೇಳಬೇಕೆಂದಿದ್ದದ್ದೂ ಇದನ್ನೇ.

ಅಂದು ಸಂಜೆ ಅವಳು ಶಾಲೆಯಿಂದ ಬಂದು ಹೋಟೆಲಿನಲ್ಲಿದ್ದಾಗ ಒಬ್ಬ ಬಿಳಿ ಮೀಸೆಯ ಅಜ್ಜ, ಅವರ ಹೆಂಡತಿ ಒಳಗೆ ಬಂದರು. ಅಜ್ಜನ ಹೆಗಲ ಮೇಲೆ ಕಂಬಳಿ ಇತ್ತು.

“ಮಿಲಿಟ್ರಿ ಮಂದಿ ಫೋಟೊ ಐತಂತಲ್ರಿ ಇಲ್ಲಿ? ನಮ್ಮ ತಂಬ್ರಹಳ್ಳ್ಯಾಗ ಹೇಳಿದ್ರು. ನೋಡಾಕ ಬಂದೀವಿ,” ಎಂದರು ಅಜ್ಜ.

ಅಪ್ಪಾಜಿ ಬಾಯಿ ತೆರೆಯುವ ಮೊದಲೇ ಟೈಲರ್ ಪಕ್ಕೀರಪ್ಪ ಟೀ ಲೋಟ ಹಿಡಿದುಕೊಂಡು ಎದ್ದರು. ಫೋಟೊದ ಕತೆ ಹೇಳುವ ಕೆಲಸವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಅವರೇ ತೆಗೆದುಕೊಂಡಿದ್ದರು.

“ಬರ್ರಿ, ಬರ್ರಿ! ನಾಲ್ಕೂ ಹುಲಿಗಳು ನೋಡ್ರಿ. ನಾಲ್ಕೂ ಒಂದಽ ದಿನ ಸತ್ವು. ಆ ತುದೀಗೆ ಕುಂತಾನಲ್ಲ ಸಣ್ಣ ಹುಡುಗ, ಅವನಂತೂ ಕೊನೀ ಉಸಿರು ಇರೋತನಕ ಗುಂಡು ಹಾರಿಸಿದ!”

“ಹೌದೇನು?” ಅಜ್ಜ ಫೋಟೊದ ಹತ್ತಿರ ಹೋದರು. “ಆಮ್ಯಾಲೆ ಹೆಂಗ ಸತ್ತನಂತ ಅವನು?”

“ಎದಿಗೆ ಗುಂಡು ತಗೊಂಡನ್ರಿ! ಬೆನ್ನಿಗಲ್ಲ!”

“ಹಂಗಾದ್ರ ನಾ ಯಾರು?” ಎಂದರು ಅಜ್ಜ. “ಆ ಹುಡುಗ ನಾನಽ. ಯರ್ರೆಪ್ಪ.”

ಮಂಡಕ್ಕಿ ತಿನ್ನುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಪಕ್ಕೀರಪ್ಪ ಲೋಟ ಕೆಳಗಿಟ್ಟು, “ಅಂಗಡಿ ಬಾಗಿಲು ತೆರೆದು ಬಂದೀನಿ,” ಎನ್ನುತ್ತಾ ಜಾಗ ಖಾಲಿ ಮಾಡಿದರು.

ಆದರೆ ಅಜ್ಜನ ಹೆಂಡತಿ ಓಬಮ್ಮ ನಗಲಿಲ್ಲ. ಅವರ ಕಣ್ಣು ಆ ಹುಡುಗನ ಹಣೆಯ ಮೇಲಿತ್ತು.

“ಅಯ್ಯೋ ನನ ಶಿವನೇ! ಬದುಕಿರೋ ಮನಷಾನ ಫೋಟೊಕ್ಕ ಇಬತ್ತಿ ಹಚ್ಚ್ಯಾರಲ್ರಿ! ಮೊನ್ನಿ ಇವರು ಬಾವಿ ಮೆಟ್ಟಲ ಮ್ಯಾಲಿಂದ ಬಿದ್ದಿದ್ದು ಇದಕ್ಕಽ ಏನೋ! ಇಳಿಸ್ರಿ ಅದನ್ನ, ಮೊದಲು ಇಳಿಸ್ರಿ!”

ಶಾಂಭವಿ ಅಪ್ಪಾಜಿಯ ಹಿಂದೆ ಸರಿದಳು.

“ತಪ್ಪಾತ್ರಿ ಯವ್ವಾ. ದಿನಾ ನೋಡ್ತೀನಿ, ಆದ್ರೂ ನನಗ ಹೊಳೀಲಿಲ್ಲ,” ಎನ್ನುತ್ತಾ ಅಪ್ಪಾಜಿ ಸ್ಟೂಲು ಹತ್ತಿ ಫೋಟೊ ಇಳಿಸಿದರು. “ಇನ್ನ ಇದನ್ನ ಹಾಕಂಗಿಲ್ಲ. ಮತ್ತ ಟ್ರಂಕಿಗೆ ಇಡ್ತೀನಿ.”

ಹೊಗೆ ಹಿಡಿದ ಗೋಡೆಯಲ್ಲಿ ಬೆಳ್ಳನೆಯ ಒಂದು ಚೌಕ ಉಳಿಯಿತು. ಶಾಂಭವಿಗೆ ಅಳು ಬಂತು. ಹಾಗಾದರೆ ನಾಳೆಯಿಂದ ಆ ನಗು ಇಲ್ಲವೇ?

ಓಬಮ್ಮ ಫೋಟೊವನ್ನು ಬೆಂಚಿನ ಮೇಲಿಟ್ಟು, ಸೆರಗಿನ ತುದಿಯಿಂದ ಅದರಲ್ಲಿನ ಗಂಡನ ಹಣೆಯನ್ನು ತಿಕ್ಕಿ ತಿಕ್ಕಿ ಒರೆಸಿದರು. ಯರ್ರೆಪ್ಪಜ್ಜ ಪಕ್ಕದಲ್ಲಿ ಕುಳಿತರು.

“ಆ ಸ್ವೆಟ್ರು ನೋಡು, ತೋಳು ಎಷ್ಟು ಉದ್ದ ಐತಿ,” ಎಂದು ಮೆಲ್ಲಗೆ ಹೇಳಿದರು. “ಅದು ನಂದಲ್ಲ, ಹಾಲಸ್ವಾಮೀದು. ‘ನಮ್ಮ ಕಡೆ ಹುಡುಗ ನೀನು, ಚಳಿಗೆ ನಡುಗಬ್ಯಾಡ’ ಅಂತ ಬಿಚ್ಚಿ ಕೊಟ್ಟ. ತಾನು ಬರೇ ಅಂಗ್ಯಾಗ ಕುಂತ. ಮರುದಿನ ನಮಗ ಹಿಂದಕ ಬರಾಕ ಆರ್ಡರ್ ಬಂತು. ನಾವು ಮೂರು ಮಂದಿ ಬಂದ್ವಿ. ಅವನು ಗುಂಡು ಬಿದ್ದು ಅಲ್ಲೇ ಉಳಿದ.”

ಆಮೇಲೆ ತಲೆ ಎತ್ತಿ ಕೇಳಿದರು: “ಯಾರು ಹಚ್ಚಿದ್ದು ಇದನ್ನ?”

“ನಮ್ಮ ಹುಡುಗಿ ರೀ,” ಅಪ್ಪಾಜಿ ಅವಸರದಿಂದ ಹೇಳಿದರು. “ಸಣ್ಣಾಕಿ, ತಿಳಿಯಂಗಿಲ್ಲ. ಆ ಪಕ್ಕೀರಪ್ಪನ ಬೊಗಳಿ ಕೇಳಿ ನಾಲ್ಕೂ ಮಂದಿ ಸತ್ತಾರ ಅಂದ್ಕೊಂಡಾಳ.”

ಶಾಂಭವಿ ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಎಲ್ಲರೂ ನಕ್ಕು ಮಾತು ಮುಗಿಯುತ್ತಿತ್ತು. ಪಕ್ಕೀರಪ್ಪನವರ ಕತೆಯಂತೂ ಸುಳ್ಳೆಂದು ಅವಳಿಗೆ ಯಾವತ್ತೋ ಗೊತ್ತಿತ್ತು. ಅವರು ವಾರಕ್ಕೊಂದು ಥರ ಹೇಳುತ್ತಿದ್ದರು.

“ಹೌದೇನವ್ವ ಕೂಸೇ?” ಯರ್ರೆಪ್ಪಜ್ಜ ಕೇಳಿದರು.

ಶಾಂಭವಿ ನೆಲ ನೋಡಿದಳು. ಆಮೇಲೆ ಫೋಟೊ ನೋಡಿದಳು. ಯರ್ರೆಪ್ಪಜ್ಜನ ಹೆಬ್ಬೆರಳು ಅವರ ಸ್ವಂತ ಮುಖದ ಮೇಲೆ ಇರಲಿಲ್ಲ. ಹಾಲಸ್ವಾಮಿ ಅಜ್ಜನ ಹೆಗಲಿನ ಮೇಲಿತ್ತು. ಗಾಜಿನ ಮೇಲೆ ಅದನ್ನೇ ಮೆಲ್ಲಗೆ ಸವರುತ್ತಿತ್ತು. ಈ ಅಜ್ಜನಿಗೆ ಸಿಟ್ಟು ಬಂದಿಲ್ಲ ಎಂದು ಅವಳಿಗೆ ಆಗ ತಿಳಿಯಿತು. ಸಿಟ್ಟಲ್ಲ, ಬೇರೇನೋ. ಅದು ಅವಳಿಗೂ ದಿನಾ ಸ್ಟೂಲಿನ ಮೇಲೆ ನಿಂತಾಗ ಆಗುತ್ತಿತ್ತು.

“ಅಲ್ರಿ ಅಜ್ಜಾ,” ಎಂದಳು. ದನಿ ಬಹಳ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. “ನಮ್ಮ ಅಜ್ಜಗ ಒಬ್ಬರಿಗೇ ಹಚ್ಚಿದ್ರ, ನೀವು ಮೂರು ಮಂದಿ ಒಂದು ಕಡೆ, ಅವರೊಬ್ಬರೇ ಒಂದು ಕಡೆ ಆಗ್ತಿದ್ರು. ಅವರನ್ನ ಒಬ್ಬರನ್ನೇ ಬಿಡಾಕ ನನಗ ಮನಸಾಗ್ಲಿಲ್ಲ.”